ಎಣ್ಣೆ ಬೇಡದ ಬೇರಿಂಗು

ಘರ್ಷಣೆಯ ಪಾಠದ ದಿನ ನಾನು ತರಗತಿಗೆ ನಯವಾದ ಉಕ್ಕಿನ ತಗಡು ಹೊದಿಸಿದ ಒಂದು ಓರೆಹಲಗೆಯನ್ನೂ ಎರಡು ಮರದ ತುಂಡುಗಳನ್ನೂ ಒಯ್ಯುವುದುಂಟು. ತುಂಡುಗಳಲ್ಲಿ ಒಂದರ ತಳಕ್ಕೆ ಟೆಫ್ಲಾನ್ ಹಾಳೆಯನ್ನು ಹೊದಿಸಿದ್ದೇನೆ. ಹಲಗೆಯ ಒಂದು ತುದಿಯನ್ನು ಮೆಲ್ಲಮೆಲ್ಲನೆ ಎತ್ತುತ್ತ ಹೋದರೆ ಬರಿಯ ಮರದ ತುಂಡು ಹತ್ತಿರ ಹತ್ತಿರ 20 ಡಿಗ್ರಿ ಓರೆಯಾಗುವವರೆಗೂ ಕದಲದೆ ಕುಳಿತಿರುತ್ತದೆ. ಟೆಫ್ಲಾನ್ ತಳದ್ದಾದರೋ 6 ಅಥವಾ 7 ಡಿಗ್ರಿಗೇ ಜಾರತೊಡಗುತ್ತದೆ. ಆ ಕೋನದ ಟ್ಯಾಂಜೆಂಟೇ ಘರ್ಷಣಾಂಕವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಈ ತುಂಡನ್ನು ಸಿದ್ಧಪಡಿಸಲು ನಾನು ಪಟ್ಟ ಪಾಡು ಮಾತ್ರ ಅವರಿಗೆ ತಿಳಿಯದು. ಮೊದಲು ಗೋಂದಿನಿಂದ, ಬಳಿಕ ಅಂಗಡಿಯಲ್ಲಿ ದೊರೆತ ಬಲವಾದ ಅಂಟಿನಿಂದ ಹಾಳೆಯನ್ನು ಮರಕ್ಕೆ ಹಚ್ಚಿ ನೋಡಿದೆ. ಎರಡು ಸಲವೂ ಅದು ಬೆರಳ ತುದಿಗೆ ಇಡಿಯಾಗಿ ಎದ್ದು ಬಂದಿತು. ಕೊನೆಗೆ ಹಾಳೆಯನ್ನು ಪಕ್ಕಗಳಿಗೆ ಮಡಿಸಿ ಸಣ್ಣ ಮೊಳೆಗಳನ್ನು ಹೊಡೆಯಬೇಕಾಯಿತು. ಮೊಳೆಗಳನ್ನು ಕಂಡ ಒಬ್ಬ ವಿದ್ಯಾರ್ಥಿನಿ, “ದೋಸೆ ಕಾವಲಿಗೆ ಅಂಟದಿರುವುದಕ್ಕೆ ಟೆಫ್ಲಾನ್ ಕಾರಣವಷ್ಟೆ ಸಾರ್, ಹಾಗಾದರೆ ಆ ಟೆಫ್ಲಾನ್ ಕಾವಲಿಗೆ ಅಂಟಿಕೊಂಡದ್ದು ಹೇಗೆ?” ಎಂದು ಕೇಳಿದಳು.

ಪ್ರಶ್ನೆ ನಗೆ ತರುವಂತಿದ್ದರೂ ಹಗುರವಾದುದಲ್ಲ. 1950ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳ ಬೇರಿಂಗು ತಯಾರಕರು ಇದೇ ಪ್ರಶ್ನೆಯನ್ನು ಎದುರಿಸಿದರು. ಅವರು ಕಂಡುಕೊಂಡ ಉತ್ತರದ ಮೇಲೆ ಇಂದು ವಿಮಾನ, ಹೆಲಿಕಾಪ್ಟರುಗಳ ಚಾಲನಾಂಗಗಳು ನಿಂತಿವೆ.

ತಿರುಗುವ ಅಥವಾ ತೂಗಾಡುವ ಭಾಗವನ್ನು ಹೊತ್ತುಕೊಂಡು ಅದರ ಚಲನೆಗೆ ಎಡೆಗೊಡುವ ಅಂಗವೇ ಬೇರಿಂಗು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದವರಿಗೆ ಅದರ ತತ್ತ್ವ ಚೆನ್ನಾಗಿ ತಿಳಿದಿತ್ತು. ವೇಗವಾಗಿ ಒಂದೇ ದಿಕ್ಕಿಗೆ ತಿರುಗುವ ದಂಡವು ಎಣ್ಣೆಯನ್ನು ತನ್ನಡಿಗೆ ತಾನೇ ಎಳೆದುಕೊಂಡು, ಆ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ಸೋಕುವುದೇ ಇಲ್ಲ. ಆದರೆ ವಿಮಾನದ ರೆಕ್ಕೆಯಂಚಿನ ಫಲಕವನ್ನು ಆಡಿಸುವ ಕೀಲು ಹೀಗೆ ತಿರುಗುವುದಿಲ್ಲ. ಅದು ಕೆಲವೇ ಡಿಗ್ರಿಗಳಷ್ಟು ಅತ್ತ ಇತ್ತ ಆಡುತ್ತದೆ, ಅದೂ ಭಾರೀ ಒತ್ತಡದ ಕೆಳಗೆ, ನಿಧಾನವಾಗಿ. ಎಣ್ಣೆಯ ಪದರ ಕಟ್ಟಿಕೊಳ್ಳಲು ಅಲ್ಲಿ ಅವಕಾಶವೇ ಇಲ್ಲ. ಗುಂಡುಗಳ ಬೇರಿಂಗನ್ನು ಹಾಕೋಣವೆಂದರೆ ಗುಂಡುಗಳು ಇದ್ದಲ್ಲೇ ಆಡುತ್ತ ಅದೇ ಜಾಗದಲ್ಲಿ ಕುಳಿ ಬೀಳಿಸುತ್ತವೆ. ಆದುದರಿಂದ ಇಂತಹ ಕೀಲುಗಳಿಗೆ ಗೊತ್ತಾದ ಅವಧಿಗೊಮ್ಮೆ ತಪ್ಪದೆ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ತುಂಬಬೇಕಾದ ಕೆಲಸ ಮನುಷ್ಯನದು, ಮನುಷ್ಯ ಮರೆಯುತ್ತಾನೆ.

ಮರೆವಿನ ಬೆಲೆ ಎಷ್ಟಾಗಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. 2000ನೆಯ ಇಸವಿ ಜನವರಿ 31ರಂದು ಅಲಾಸ್ಕ ಏರ್‌ಲೈನ್ಸ್‌ನ ಎಂ.ಡಿ.-83 ವಿಮಾನವೊಂದು ಕ್ಯಾಲಿಫೋರ್ನಿಯದ ಕಡಲತೀರದಾಚೆ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 88 ಮಂದಿಯೂ ಮಡಿದರು. ಬಾಲದ ಅಡ್ಡರೆಕ್ಕೆಯನ್ನು ಏರಿಸಿ ಇಳಿಸುವ ತಿರುಪಿಗೆ ಸಾಕಷ್ಟು ಗ್ರೀಸು ಇಲ್ಲದೆ, ಅದರ ನಟ್ಟಿನ ಒಳಗೆರೆಗಳು ಪೂರ್ತಿ ಸವೆದುಹೋಗಿದ್ದುವೆಂದು ತನಿಖೆಯಿಂದ ತಿಳಿದುಬಂದಿತು. ಅದು ತಿರುಪೇ ಹೊರತು ನಾನು ಹೇಳಹೊರಟಿರುವ ಬೇರಿಂಗಲ್ಲ. ಆದರೂ ಗ್ರೀಸನ್ನು ನಂಬಿದ ಕೀಲು ಎಂತಹದೆಂಬುದನ್ನು ಅದು ತೋರಿಸುತ್ತದೆ. ಕೈ ಹೋಗದ ಎಡೆಗಳಲ್ಲಿರುವ ಕೀಲುಗಳಿಗೆ ಗ್ರೀಸಿನ ಹಂಗೇ ಇರಬಾರದು ಎಂಬ ಬಯಕೆ ಹುಟ್ಟಿದ್ದು ಸಹಜವೇ.

ಹಂಗು ತಪ್ಪಿಸುವುದು ಹೇಗೆ? ಇದಕ್ಕೆ ಘರ್ಷಣೆಯ ಮೂಲವನ್ನೇ ಸ್ವಲ್ಪ ವಿಚಾರಿಸಬೇಕು. ಘರ್ಷಣಬಲವು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ, ತಾಗಿರುವಂತೆ ಕಾಣುವ ಹರವಿಗಲ್ಲ ಎಂಬುದನ್ನು ಫ್ರಾನ್ಸಿನ ಅಮೊಂಟನ್ 1699ರಲ್ಲಿಯೇ ತಿಳಿಸಿದ್ದನು. ಇದರ ಕಾರಣವನ್ನು ಬಿಡಿಸಿದವರು ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್. ಎಷ್ಟೇ ನುಣುಪು ಮಾಡಿದ ಲೋಹವಾದರೂ ಸೂಕ್ಷ್ಮದಲ್ಲಿ ಬೆಟ್ಟ ಕಣಿವೆಗಳ ನಾಡೇ. ಎರಡು ಮೈಗಳು ಕೂಡಿದಾಗ ಬೆಟ್ಟಗಳ ತುದಿಗಳು ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಭಾರವನ್ನು ತಾಳುವಷ್ಟು ಹರವು ದೊರೆಯುವವರೆಗೆ ಆ ತುದಿಗಳು ಚಪ್ಪಟೆಯಾಗುತ್ತ ಅಲ್ಲಲ್ಲಿ ಬೆಸೆದುಕೊಳ್ಳುತ್ತವೆ. ಜಾರಿಸಬೇಕಾದರೆ ಈ ಬೆಸುಗೆಗಳನ್ನು ಕತ್ತರಿಸಬೇಕು. ಹೀಗಾಗಿ ಘರ್ಷಣಬಲವೆಂದರೆ ನಿಜವಾಗಿ ತಾಗಿರುವ ಹರವು ಮತ್ತು ವಸ್ತುವನ್ನು ಕತ್ತರಿಸಲು ಬೇಕಾದ ಬಲ, ಇವೆರಡರ ಗುಣಲಬ್ಧ.

ಇಲ್ಲೊಂದು ತೊಡಕಿದೆ. ಹರವು ಕಿರಿದಾಗಬೇಕಾದರೆ ವಸ್ತು ಗಡಸಾಗಿರಬೇಕು; ಸುಲಭವಾಗಿ ಕತ್ತರಿಸಲ್ಪಡಬೇಕಾದರೆ ಮೆತುವಾಗಿರಬೇಕು. ಒಂದೇ ವಸ್ತು ಎರಡೂ ಆಗುವುದೆಂತು? ಬೌಡನ್ ಮತ್ತು ಟೇಬರ್ ತೋರಿಸಿದ ದಾರಿ ಇದು: ಗಡಸಾದ ಲೋಹದ ಮೇಲೆ ಮೆತುವಾದ ವಸ್ತುವಿನ ತೀರ ತೆಳುವಾದ ಪದರವಿರಲಿ. ಭಾರವನ್ನು ಗಡಸು ಲೋಹ ಹೊರುತ್ತದೆ, ಜಾರುವ ಕೆಲಸವನ್ನು ಮೆತುಪದರ ಮಾಡುತ್ತದೆ. ಅಂಗಿಗೆ ಅಸ್ತರು ಹೊಲಿದಂತೆ ಬೇರಿಂಗಿಗೂ ಒಂದು ಅಸ್ತರು.

ಅಸ್ತರಿಗೆ ತಕ್ಕ ವಸ್ತು ದೊರೆತದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ 27 ವರ್ಷದ ರಾಯ್ ಪ್ಲಂಕೆಟ್ ಟೆಟ್ರಾಫ್ಲೂರೋಎಥಿಲೀನ್ ಅನಿಲದ ಸಿಲಿಂಡರೊಂದರ ತಿರುಗಣೆಯನ್ನು ತೆರೆದಾಗ ಒಳಗಿನಿಂದ ಏನೂ ಬರಲಿಲ್ಲ. ಅನಿಲ ಸೋರಿಹೋಯಿತೆನ್ನೋಣವೆಂದರೆ ಸಿಲಿಂಡರಿನ ತೂಕ ಕಡಮೆಯಾಗಿರಲಿಲ್ಲ. ಇನ್ನೊಬ್ಬನಾಗಿದ್ದರೆ ಅದನ್ನು ಮೂಲೆಗೆ ತಳ್ಳುತ್ತಿದ್ದನೇನೋ. ಪ್ಲಂಕೆಟ್ ಅದನ್ನು ಗರಗಸದಿಂದ ಕೊಯ್ಯಿಸಿ ನೋಡಿದನು. ಒಳಗೆ ಮೇಣದಂತೆ ಜಾರುವ ಬಿಳಿಯ ಹುಡಿ ಕಂಡಿತು. ಅನಿಲದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಉದ್ದನೆಯ ಸರಪಣಿಗಳಾಗಿದ್ದುವು. ಇಂಗಾಲದ ಪರಮಾಣುಗಳ ಈ ಸರಪಣಿಯ ಸುತ್ತ ಫ್ಲೂರಿನ್ ಪರಮಾಣುಗಳು ಸಿಪ್ಪೆಯಂತೆ ಒತ್ತಾಗಿ ಹೊದ್ದಿವೆ. ಹೊರಗಿನ ಯಾವ ವಸ್ತುವಿಗೂ ಇಂಗಾಲದ ಸನಿಹಕ್ಕೆ ದಾರಿಯಿಲ್ಲ. ಆಮ್ಲ ಅದನ್ನು ಕೊರೆಯದು, ಅಂಟು ಹಿಡಿಯದು, ನೀರು ಮುತ್ತಾಗಿ ಉರುಳಿಹೋಗುವುದು. ಸರಪಣಿಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಟೆಫ್ಲಾನನ್ನು ಉಕ್ಕಿನ ಮೇಲೆ ಉಜ್ಜಿದಾಗ ಅದರ ತೆಳುಪೊರೆಯೊಂದು ಉಕ್ಕಿಗೆ ಬಳಿದುಕೊಂಡು, ಆಮೇಲೆ ಟೆಫ್ಲಾನಿನ ಮೇಲೆ ಟೆಫ್ಲಾನೇ ಜಾರುವಂತಾಗುತ್ತದೆ. ನಿಧಾನವಾದ ಚಲನೆಯಲ್ಲಿ ಘರ್ಷಣಾಂಕವು 0.04ರಿಂದ 0.1ರ ಒಳಗೇ ಇರುವುದುಂಟು.

ಹಾಗಾದರೆ ಬೇರಿಂಗನ್ನು ಇಡಿಯಾಗಿ ಟೆಫ್ಲಾನಿನಿಂದಲೇ ಏಕೆ ಮಾಡಬಾರದು? ಎರಡು ದೋಷಗಳು ಅಡ್ಡ ಬರುತ್ತವೆ. ಭಾರ ಹೇರಿದರೆ ಅದು ಹಿಟ್ಟಿನ ಮುದ್ದೆಯಂತೆ ಮೆಲ್ಲನೆ ಹರಿದು ಬದಿಗೆ ಸರಿಯುತ್ತದೆ. ಅಲ್ಲದೆ ಅದು ಶಾಖವನ್ನು ಸಾಗಿಸದು. ಅದರ ಉಷ್ಣವಾಹಕತೆ ಉಕ್ಕಿನದರ ಇನ್ನೂರರಲ್ಲಿ ಒಂದು ಭಾಗದಷ್ಟು. ಲೆಕ್ಕ ಹಾಕಿ ನೋಡೋಣ. 25 ಮಿಲಿಮೀಟರು ವ್ಯಾಸ, ಅಷ್ಟೇ ಉದ್ದದ ಬೇರಿಂಗಿನ ಮೇಲೆ 6,250 ನ್ಯೂಟನ್ ಬಲವಿದ್ದು, ದಂಡವು ಮಿನಿಟಿಗೆ 15 ಸುತ್ತು ತಿರುಗುತ್ತಿರಲಿ. ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 0.02 ಮೀಟರು. ಘರ್ಷಣಾಂಕ 0.1 ಎಂದರೆ ಘರ್ಷಣಬಲ 625 ನ್ಯೂಟನ್. ಹುಟ್ಟುವ ಶಾಖ ಹನ್ನೆರಡೂವರೆ ವಾಟ್. ಈ ಶಾಖವೆಲ್ಲ ಅಸ್ತರಿನ ಮೂಲಕವೇ ಹೊರಗೆ ಹೋಗಬೇಕೆಂದು ಭಾವಿಸಿದರೆ, 3 ಮಿಲಿಮೀಟರು ದಪ್ಪದ ಟೆಫ್ಲಾನಿನ ಒಳಮೈಗೂ ಹೊರಮೈಗೂ 240 ಡಿಗ್ರಿಗಳ ಅಂತರ ಬೀಳುತ್ತದೆ. ದಪ್ಪವನ್ನು 0.3 ಮಿಲಿಮೀಟರಿಗೆ ಇಳಿಸಿದರೆ ಅಂತರ 24 ಡಿಗ್ರಿ ಮಾತ್ರ. ಪದರ ತೆಳುವಾದಷ್ಟೂ ಅದು ಬದಿಗೆ ಹರಿಯುವುದೂ ಕಷ್ಟ, ಏಕೆಂದರೆ ಹಿಂದಿನ ಲೋಹ ಅದನ್ನು ಮೈಯುದ್ದಕ್ಕೂ ಹಿಡಿದಿರುತ್ತದೆ. ಹಿಡಿದಿದ್ದರೆ ಎಂಬುದೇ ಇಲ್ಲಿಯ ಮುಖ್ಯ ಮಾತು. ಅಂಟದ ಅಸ್ತರು ಅಸ್ತರೇ ಅಲ್ಲ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಮತ್ತೆ ಬಂದೆವು.

ಮೂರು ಉತ್ತರಗಳು ದೊರೆತಿವೆ. ಮೊದಲನೆಯದು ಇಂಗ್ಲೆಂಡಿನ ಗ್ಲೇಸಿಯರ್ ಮೆಟಲ್ ಕಂಪೆನಿಯದು. ಉಕ್ಕಿನ ಪಟ್ಟಿಯ ಮೇಲೆ ಕಂಚಿನ ಹುಡಿಯನ್ನು ಹರಡಿ, ಪೂರ್ತಿ ಕರಗದಂತೆ ಕಾಯಿಸಿದರೆ ಕಣಗಳು ಒಂದಕ್ಕೊಂದು ಬೆಸೆದು, ನಡುನಡುವೆ ತೂತುಗಳುಳ್ಳ ಪದರವಾಗುತ್ತದೆ. ಟೆಫ್ಲಾನ್ ಮತ್ತು ಸೀಸದ ಮಿಶ್ರಣವನ್ನು ಆ ತೂತುಗಳೊಳಕ್ಕೆ ಉರುಳೆಯಿಂದ ಒತ್ತಿ, ಟೆಫ್ಲಾನ್ ಕರಗುವ 327 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚು ಕಾಯಿಸುತ್ತಾರೆ. ಇದು ಅಂಟುವುದಲ್ಲ, ಬೇರೂರುವುದು. ಕಾವಲಿಯ ಗುಟ್ಟೂ ಹೆಚ್ಚುಕಡಮೆ ಇದೇ. ಲೋಹವನ್ನು ಮೊದಲು ತರಿತರಿ ಮಾಡಿಕೊಳ್ಳುತ್ತಾರೆ. ಎರಡನೆಯದು ರಸಾಯನಶಾಸ್ತ್ರದ ದಾರಿ. ದ್ರವ ಅಮೋನಿಯದಲ್ಲಿ ಕರಗಿಸಿದ ಸೋಡಿಯಂನಲ್ಲಿ ಹಾಳೆಯನ್ನು ಅದ್ದಿದರೆ ಸೋಡಿಯಂ ಮೇಲ್ಪದರದ ಫ್ಲೂರಿನ್ನನ್ನು ಕಿತ್ತುಕೊಳ್ಳುತ್ತದೆ. ಬಿಳಿಯ ಹಾಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಪ್ಪೆ ಸುಲಿದ ಆ ಮೈಗೆ ಎಪಾಕ್ಸಿ ಅಂಟು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಸಿದ್ಧಪಡಿಸಿದ ಹಾಳೆಯನ್ನು ಬಿಸಿಲಿಗೆ ಒಡ್ಡಬಾರದು. ಅತಿನೇರಿಳೆ ಕಿರಣಗಳು ಆ ಕಂದು ಪೊರೆಯನ್ನು ಕೆಡಿಸುತ್ತವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು, ಏಕೆಂದರೆ ಅದು ನೇಕಾರನ ಉಪಾಯ. ಟೆಫ್ಲಾನನ್ನು ಎಳೆಯಾಗಿ ಜಗ್ಗಿದಾಗ ಸರಪಣಿಗಳು ಒಂದೇ ದಿಕ್ಕಿಗೆ ಸಾಲುಗೊಂಡು, ಮುದ್ದೆಗಿಂತ ಎಷ್ಟೋ ಪಾಲು ಬಲಿಷ್ಠವಾದ ನೂಲು ಸಿಗುತ್ತದೆ. ಈ ನೂಲನ್ನು ಹತ್ತಿ, ಗಾಜು ಅಥವಾ ಪಾಲಿಯೆಸ್ಟರ್ ನೂಲಿನೊಡನೆ ಹಾಸುಹೊಕ್ಕಾಗಿ ನೇಯುತ್ತಾರೆ. ನೇಯ್ಗೆಯ ಜಾಣತನವೆಂದರೆ, ಬಟ್ಟೆಯ ಒಂದು ಮುಖದಲ್ಲಿ ಬಹುಪಾಲು ಟೆಫ್ಲಾನ್ ಕಾಣಬೇಕು, ಇನ್ನೊಂದು ಮುಖದಲ್ಲಿ ಬಹುಪಾಲು ಅಂಟಬಲ್ಲ ನೂಲು. ಅಂಟು ಹಿಂಬದಿಯ ನೂಲನ್ನು ಹಿಡಿಯುತ್ತದೆ. ಆ ನೂಲು ನೇಯ್ಗೆಯ ಬಲದಿಂದ ಟೆಫ್ಲಾನನ್ನು ಹಿಡಿಯುತ್ತದೆ. ಅಮೆರಿಕದ ಚಾರ್ಲ್ಸ್ ವೈಟ್ 1950ರ ದಶಕದಲ್ಲಿ ಇದಕ್ಕೆ ಪೇಟೆಂಟು ಪಡೆದನು. ಇಂತಹ ಅಸ್ತರು ಚದರ ಮಿಲಿಮೀಟರಿಗೆ 200 ನ್ಯೂಟನ್ನಿಗೂ ಮಿಕ್ಕ ಒತ್ತಡವನ್ನು ತಾಳಬಲ್ಲದು.

ತಯಾರಿಕೆಯಲ್ಲಿ ಎಚ್ಚರವೆಲ್ಲ ಅಂಟಿನ ಸುತ್ತಲೇ. ಉಕ್ಕಿನ ಉಂಗುರದ ಒಳಮೈಯ ಜಿಡ್ಡನ್ನು ತೊಳೆದು, ಅದರ ಮೇಲೆ ಗಡಸು ಹರಳಿನ ಹುಡಿಯನ್ನು ಗಾಳಿಯ ರಭಸದಿಂದ ಎರಚಿ ತರಿ ಮಾಡುತ್ತಾರೆ. ಆಮೇಲೆ ಬರಿಗೈಯಿಂದ ಮುಟ್ಟಕೂಡದು. ಬೆರಳಿನ ಗುರುತಿನಷ್ಟು ಜಿಡ್ಡೂ ಅಂಟಿಗೆ ಶತ್ರು. ಫೀನಾಲ್ ರಾಳ ಹೀರಿಸಿದ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಅಂಚುಗಳು ಒಂದರ ಮೇಲೊಂದು ಏರದಂತೆ ಒಳಗೆ ಸುತ್ತಿ ಕೂರಿಸುತ್ತಾರೆ. ಬಳಿಕ ಒಳಗಿನಿಂದ ಹೊರಕ್ಕೆ ಒತ್ತುತ್ತ ಸುಮಾರು 150ರಿಂದ 180 ಡಿಗ್ರಿಯವರೆಗೆ ಕಾಯಿಸುತ್ತಾರೆ. ಒತ್ತುವುದೇಕೆ? ಫೀನಾಲ್ ರಾಳವು ಗಟ್ಟಿಯಾಗುವಾಗ ನೀರನ್ನು ಬಿಡುತ್ತದೆ. ಆ ಶಾಖದಲ್ಲಿ ನೀರು ಆವಿಯಾಗಿ, ಒತ್ತಡವಿಲ್ಲದಿದ್ದರೆ ಅಸ್ತರಿನ ಕೆಳಗೆ ಹಪ್ಪಳದ ಗುಳ್ಳೆಗಳಂತೆ ಉಬ್ಬುತ್ತದೆ. ಗುಳ್ಳೆಯಿರುವಲ್ಲಿ ಅಸ್ತರಿಗೆ ಆಸರೆಯಿಲ್ಲ; ಅಲ್ಲಿಂದಲೇ ಅದು ಏಳತೊಡಗುತ್ತದೆ. ಗೋಲಾಕಾರದ ಕೀಲುಗಳಾದರೆ ಅಸ್ತರು ಹಾಕಿದ ಉಂಗುರದೊಳಗೆ ನುಣುಪಾಗಿ ಹೊಳಪು ಕೊಟ್ಟ ಉಕ್ಕಿನ ಗೋಲವನ್ನಿಟ್ಟು, ಬಟ್ಟಲಿನಂತಹ ಎರಡು ಅಚ್ಚುಗಳ ನಡುವೆ ಒತ್ತಿ, ಉಂಗುರದ ಅಂಚುಗಳನ್ನು ಗೋಲದ ಸುತ್ತ ಬಾಗಿಸುವ ಪದ್ಧತಿಯೂ ಇದೆ.

ಒಳಗಿನ ಅಂಟು ಕಣ್ಣಿಗೆ ಕಾಣದಷ್ಟೆ. ಆದುದರಿಂದ ಮಾದರಿಗೆಂದು ಕೆಲವು ಬೇರಿಂಗುಗಳನ್ನು ಬಲಿಕೊಟ್ಟು, ಅಸ್ತರನ್ನು ಇಕ್ಕಳದಿಂದ ಸುಲಿದು ನೋಡುತ್ತಾರೆ. ಬಟ್ಟೆಯೇ ಹರಿದು ಅದರ ನಾರೂ ರಾಳವೂ ಲೋಹದ ಮೇಲೆ ಉಳಿದರೆ ಅಂಟು ಗಟ್ಟಿಯೆಂದರ್ಥ. ಲೋಹ ಬೆತ್ತಲಾಗಿ ಹೊಳೆದರೆ ಆ ತಂಡವನ್ನೇ ಅನುಮಾನಿಸಬೇಕು.

ಈ ಬೇರಿಂಗು ಸರ್ವಸಮರ್ಥವೇನೂ ಅಲ್ಲ. ವೇಗ ಹೆಚ್ಚಿದರೆ ಟೆಫ್ಲಾನಿನ ಘರ್ಷಣೆಯೂ ಏರುತ್ತದೆ, ಶಾಖವೂ ಏರುತ್ತದೆ. ವಿದ್ಯುತ್ ಮೋಟಾರಿನ ದಂಡಕ್ಕೆ ಇದು ತಕ್ಕುದಲ್ಲ. ಯೂರೋಪಿನ ಒಕ್ಕೂಟವು 2000ದಲ್ಲಿ ವಾಹನಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಸೀಸವಿಲ್ಲದ ಮಿಶ್ರಣಗಳು ಬಂದುವು. ಟೆಫ್ಲಾನಿನಂತಹ ಫ್ಲೂರಿನ್ ಸಂಯುಕ್ತಗಳು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿಯುತ್ತವೆಂಬ ಕಾರಣದಿಂದ ಅಂತಹ ಇಡೀ ವರ್ಗವನ್ನೇ ನಿರ್ಬಂಧಿಸಬೇಕೆಂಬ ಪ್ರಸ್ತಾಪ 2023ರಲ್ಲಿ ಅಲ್ಲಿಯೇ ಬಂದಿತು. ಯಾವುದಕ್ಕೂ ಸೋಲದ ಗುಣವೇ ಇಲ್ಲಿ ಆಕ್ಷೇಪಣೆಗೆ ಗುರಿಯಾಗಿರುವುದು. ಕೀಲಿನೊಳಗೆ ಇದಕ್ಕೆ ಸರಿಸಾಟಿಯಾದ ವಸ್ತುವನ್ನು ಹುಡುಕುವುದು ಸುಲಭವಲ್ಲವೆಂದೇ ನನ್ನ ಎಣಿಕೆ.

ಇಂತಹ ಬೇರಿಂಗಿಗೆ ಕನಿಕರದಿಂದ ಎಣ್ಣೆ ಬಿಡುವುದೂ ತಪ್ಪು. ಎಣ್ಣೆಯು ಉಕ್ಕಿನ ಮೇಲೆ ಬಳಿದುಕೊಂಡ ಟೆಫ್ಲಾನ್ ಪೊರೆಗೆ ನೆಲೆಗೊಡದೆ ಸವೆತವನ್ನೇ ಹೆಚ್ಚಿಸುವುದುಂಟು. ಒಣಗಿದ ಗಾಡಿಯ ಚಕ್ರದಂತೆ ಇದು ಕಿರುಗುಟ್ಟಿ ಎಚ್ಚರಿಸುವುದೂ ಇಲ್ಲ. ಅಸ್ತರು ಸವೆದಂತೆ ಕೀಲಿನಲ್ಲಿ ಸಡಿಲು ಹೆಚ್ಚುತ್ತದೆ, ಅಂಚಿನಲ್ಲಿ ನೂಲಿನ ಎಳೆಗಳೂ ಹುಡಿಯೂ ಇಣುಕುತ್ತವೆ. ವಿಮಾನವನ್ನು ಪರೀಕ್ಷಿಸುವವನು ಕೀಲಿಗೆ ಮುಳ್ಳಿನ ಅಳತೆಗಡಿಯಾರವನ್ನು ಹೊಂದಿಸಿ, ಕೈಯಿಂದ ಅತ್ತಿತ್ತ ಅಲುಗಿಸಿ ನೋಡುತ್ತಾನೆ. ಕೂದಲೆಳೆಯ ಎರಡು ಮೂರು ಪಾಲಿನಷ್ಟು ಸಡಿಲು ಕಂಡರೂ ಕೈಪಿಡಿಯ ಮಿತಿಯೊಡನೆ ಹೋಲಿಸಿ, ಮೀರಿದ್ದರೆ ಬೇರಿಂಗನ್ನು ಬಿಚ್ಚಿ ಹೊಸದನ್ನು ಹಾಕಿಸುತ್ತಾನೆ.