ಭಂಡಾರದಿಂದ ಪ್ರದರ್ಶನಕ್ಕೆ: ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ವಸ್ತುಸಂಗ್ರಹಾಲಯ

ಜೈನ ಪರಂಪರೆಯಲ್ಲಿ ಗ್ರಂಥವು ಪಠನಕ್ಕೆ ಮಾತ್ರವಲ್ಲದೆ ದರ್ಶನಕ್ಕೂ ಅರ್ಹವಾದುದು. ಜ್ಯೇಷ್ಠ ಶುಕ್ಲ ಪಂಚಮಿಯಂದು ದಿಗಂಬರರು ಶ್ರುತಪಂಚಮಿಯನ್ನೂ ಕಾರ್ತಿಕ ಶುಕ್ಲ ಪಂಚಮಿಯಂದು ಶ್ವೇತಾಂಬರರು ಜ್ಞಾನಪಂಚಮಿಯನ್ನೂ ಆಚರಿಸುವಾಗ, ಭಂಡಾರದ ಕಟ್ಟುಗಳನ್ನು ಹೊರತೆಗೆದು ಧೂಳು ಕೊಡವಿ ಪೂಜೆಗಿಡುವುದು ರೂಢಿ. ಪರ್ಯುಷಣದಲ್ಲಿ ಕಲ್ಪಸೂತ್ರದ ವಾಚನ ನಡೆಯುವಾಗ ಚಿತ್ರಿತ ಪತ್ರಗಳನ್ನು ಶ್ರಾವಕರಿಗೆ ತೋರಿಸುವ ಪದ್ಧತಿಯೂ ಉಂಟು. ಇವನ್ನು ನಮ್ಮ ಪ್ರಾಚೀನ ಪ್ರದರ್ಶನಗಳೆಂದರೆ ತಪ್ಪಾಗದು. ಕಲ್ಪಸೂತ್ರದ ವಾಚನದಲ್ಲಂತೂ ನೋಡುವವರ ಮುಂದೆ ಓದಿ ಹೇಳುವವರಿರುತ್ತಾರೆ. ಗಾಜಿನ ಪೆಟ್ಟಿಗೆಯೊಳಗಿನ ಪ್ರತಿಗೆ ಆ ವಾಚಕರನ್ನು ಒದಗಿಸುವುದು ಹೇಗೆ ಎಂಬುದು ಇಂದಿನ ವಸ್ತುಸಂಗ್ರಹಾಲಯಗಳ ಮುಂದಿರುವ ಪ್ರಶ್ನೆ. ಈ ದೃಷ್ಟಿಯಿಂದ ಗುಜರಾತಿನ ಒಂದು ಸಂಗ್ರಹಾಲಯವನ್ನು ಇಲ್ಲಿ ಅವಲೋಕಿಸಲಾಗಿದೆ.

ಆಗಮಪ್ರಭಾಕರ ಮುನಿ ಪುಣ್ಯವಿಜಯಜಿಯವರ ಪ್ರೇರಣೆಯಿಂದ, ಶ್ರೇಷ್ಠಿ ಕಸ್ತೂರಭಾಯಿ ಲಾಲಭಾಯಿ ಅವರ ಔದಾರ್ಯದಿಂದ, ೧೯೫೬ರಲ್ಲಿ ಅಹಮದಾಬಾದಿನಲ್ಲಿ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರವು ಸ್ಥಾಪಿತವಾಯಿತು. ಮುನಿಗಳು ತಾವು ಕೂಡಿಸಿದ್ದ ಸುಮಾರು ೧೦,೦೦೦ ಹಸ್ತಪ್ರತಿಗಳನ್ನು ಅದಕ್ಕೆ ಒಪ್ಪಿಸಿದರು. ಪಂಡಿತ ದಲಸುಖ ಮಾಲವಣಿಯಾ ಅವರು ಅದರ ಮೊದಲ ನಿರ್ದೇಶಕರಾಗಿದ್ದರು. ಮುನಿಗಳ ಸಂಗ್ರಹದ ಸೂಚಿಯ ಮೊದಲ ಭಾಗವು ೧೯೬೩ರಲ್ಲಿ ಮುದ್ರಣಗೊಂಡಿತು. ವಸ್ತುಸಂಗ್ರಹಾಲಯವು ವಿದ್ಯಾಮಂದಿರದ ಆವರಣದಲ್ಲಿಯೇ ೧೯೮೦ರ ದಶಕದಲ್ಲಿ ರೂಪುಗೊಂಡಿತು. ಈ ಕ್ರಮವು ಗಮನಾರ್ಹ: ಮೊದಲು ಸಂಗ್ರಹ, ಬಳಿಕ ಸೂಚಿ, ಕೊನೆಗೆ ಪ್ರದರ್ಶನ. ಇಂದು ಇಲ್ಲಿ ಶಿಲಾಪ್ರತಿಮೆಗಳು, ಲೋಹಬಿಂಬಗಳು, ಕಾಷ್ಠಶಿಲ್ಪ, ವಸ್ತ್ರಪಟಗಳು, ನಾಣ್ಯಗಳು, ಗುಜರಾತಿನ ಮನೆಗಳ ಮಣಿಗೆಲಸ ಇವೆಲ್ಲ ಕಾಣಸಿಗುತ್ತವೆ. ಆದರೂ ಇದರ ಜೀವಾಳ ಚಿತ್ರಿತ ಹಸ್ತಪ್ರತಿಗಳೇ.

ಅವುಗಳಲ್ಲಿ ಶಾಂತಿನಾಥಚರಿತ್ರದ ಪ್ರತಿಯು ವಿಶೇಷವಾದುದು. ೧೩೯೬ರ ಕಾಲದ ಈ ಸಂಸ್ಕೃತ ಕೃತಿ ನಾಗರೀ ಲಿಪಿಯಲ್ಲಿದ್ದು, ಹದಿನಾರನೆಯ ತೀರ್ಥಂಕರರ ಚರಿತ್ರೆಯ ಪ್ರಸಂಗಗಳು ಪಶ್ಚಿಮ ಭಾರತೀಯ ಶೈಲಿಯಲ್ಲಿ ಬಹುವರ್ಣದ ಕಿರುಚಿತ್ರಗಳಾಗಿ ಅದರಲ್ಲಿ ಮೂಡಿವೆ. ೨೦೧೩ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಪೊನ್ನನ ಶಾಂತಿಪುರಾಣವನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಕಥಾವಸ್ತು ಅಪರಿಚಿತವಲ್ಲ. ಆದರೆ ಪಕ್ಕದ ಪಂಕ್ತಿಗಳನ್ನು ಓದಲಾರದವರಿಗೆ ಆ ಚಿತ್ರವು ಬಣ್ಣಗಳ ಸೊಗಸಾಗಿ ಮಾತ್ರ ಉಳಿದೀತು.

ಇದೇ ಸಂಸ್ಥೆಯ ೧೬೧೦ರ ಆಗ್ರಾ ವಿಜ್ಞಪ್ತಿಪತ್ರವು ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಆಗ್ರಾದ ಸಂಘವು ಆಚಾರ್ಯ ವಿಜಯಸೇನಸೂರಿಗಳಿಗೆ ಕಳುಹಿಸಿದ ಈ ಸುರುಳಿಯನ್ನು ಚಿತ್ರಿಸಿದವನು ಉಸ್ತಾದ್ ಶಾಲಿವಾಹನ. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿ ಜಹಾಂಗೀರ್ ಬಾದಶಹನು ಹೊರಡಿಸಿದ ಫರ್ಮಾನಿನ ಪ್ರಸಂಗ ಅದರಲ್ಲಿದೆ. ಚಿತ್ರಕಾರನು ತಾನು ಕಂಡಂತೆ ಬರೆದನೆಂದು ಅದರ ಬರಹವೇ ಹೇಳುತ್ತದೆ. ಚಿತ್ರವನ್ನಷ್ಟೇ ನೋಡಿದವರಿಗೆ ಇದು ಮೊಗಲರ ಆಸ್ಥಾನದ ದೃಶ್ಯ. ಬರಹವನ್ನು ಓದಿದವರಿಗೆ ಒಂದು ಸಂಘವು ತನ್ನ ಆಚಾರ್ಯರಿಗೆ ಒಪ್ಪಿಸಿದ ಅಹಿಂಸೆಯ ವರದಿ.

ಸಂಗ್ರಹಾಲಯದ ಇನ್ನೊಂದು ಆಸ್ತಿ ನಾನಾಲಾಲ್ ಚಮನಲಾಲ್ ಮೆಹ್ತಾ ಅವರ ಕಿರುಚಿತ್ರ ಸಂಗ್ರಹ. ಮೊದಲು ನಗರದ ಬೇರೊಂದು ಕಟ್ಟಡದಲ್ಲಿದ್ದ ಇದು ಅನಂತರ ಇಲ್ಲಿಗೆ ಬಂದಿತು. ಇದರಲ್ಲಿ ಬಿಲ್ಹಣನದೆಂದು ಪ್ರಸಿದ್ಧವಾದ ಚೌರಪಂಚಾಶಿಕೆಯ ಹದಿನಾರನೆಯ ಶತಮಾನದ ಚಿತ್ರಮಾಲೆಯಿದೆ. ಒಂದು ಚಿತ್ರಶೈಲಿಗೇ ಆ ಹೆಸರು ನಿಂತಿದೆ. ಬಿಲ್ಹಣನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ. ಅವನ ವಿಕ್ರಮಾಂಕದೇವಚರಿತದ ಪ್ರತಿಯು ೧೮೭೪ರಲ್ಲಿ ಬ್ಯೂಲರರಿಗೆ ದೊರೆತದ್ದು ಜೈಸಲ್ಮೇರಿನ ಜೈನಭಂಡಾರದಲ್ಲಿ. ಮರುವರ್ಷವೇ ಅದು ಮುದ್ರಿತವಾಯಿತು. ಕರ್ಣಾಟಕದ ಅರಸನ ಚರಿತ್ರೆಯನ್ನು ಮರುಭೂಮಿಯ ಭಂಡಾರವೊಂದು ಕಾಪಾಡಿತು. ಮತಭೇದವೆಣಿಸದೆ ಗ್ರಂಥವನ್ನು ರಕ್ಷಿಸಿದ ಆ ಭಂಡಾರಗಳನ್ನು ೧೯೫೦ರ ಸುಮಾರಿಗೆ ವ್ಯವಸ್ಥೆಗೊಳಿಸಿದವರು ಪುಣ್ಯವಿಜಯಜಿಯವರೇ ಎಂಬುದು ಇಲ್ಲಿ ಸ್ಮರಣೀಯ.

ಪ್ರದರ್ಶನಕ್ಕೆ ಅಪಾಯಗಳಿಲ್ಲದಿಲ್ಲ. ಬೆಳಕು ಬಣ್ಣವನ್ನು ಕುಂದಿಸುತ್ತದೆ; ತೇವ, ಶುಷ್ಕತೆಗಳ ಏರಿಳಿತದಿಂದ ಗರಿ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಅದಕ್ಕಿಂತ ದೊಡ್ಡ ಹಾನಿ ಬಿಡಿಹಾಳೆಯ ಮೋಹದಿಂದ ಆಗಿದೆ. ಚಿತ್ರಕ್ಕೆ ಬೆಲೆ ಬಂದಂದಿನಿಂದ ಕಲ್ಪಸೂತ್ರದ ಎಷ್ಟೋ ಪ್ರತಿಗಳು ಕಟ್ಟು ಬಿಚ್ಚಿ ಹಾಳೆಹಾಳೆಯಾಗಿ ಯುರೋಪು, ಅಮೆರಿಕಗಳ ಸಂಗ್ರಹಗಳನ್ನು ಸೇರಿವೆ. ಅಂತ್ಯದ ಪ್ರಶಸ್ತಿಯಿಂದ ಬೇರ್ಪಟ್ಟ ಹಾಳೆಗೆ ಲಿಪಿಕಾರನಿಲ್ಲ, ಬರೆಯಿಸಿದ ಶ್ರಾವಕನಿಲ್ಲ, ಊರಿಲ್ಲ, ತಿಥಿಯಿಲ್ಲ.

ಹಾಗೆಂದು ಮುಚ್ಚಿಡುವುದೇ ಲೇಸೆನ್ನುವಂತಿಲ್ಲ. ಮೂಡುಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು, ಹನ್ನೆರಡನೆಯ ಶತಮಾನದ ಆದಿಭಾಗದ ಅಮೂಲ್ಯ ಚಿತ್ರಗಳೊಡನೆ, ಬಹುಕಾಲ ಯಾತ್ರಿಕರ ದರ್ಶನಕ್ಕಷ್ಟೇ ಒದಗುತ್ತಿದ್ದವು. ಅಲ್ಲಿ ಗಾಜಿನ ಪೆಟ್ಟಿಗೆಯಿರಲಿಲ್ಲ. ಆದರೆ ನೋಡಿದವರು ಓದುವಂತಿರಲಿಲ್ಲ. ಪ್ರತಿಲಿಪಿಗಳಾಗಿ, ೧೯೩೯ರಿಂದ ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಅಚ್ಚಾಗತೊಡಗಿದ ಮೇಲೆಯೇ ದರ್ಶನವು ಸ್ವಾಧ್ಯಾಯಕ್ಕೆ ತಿರುಗಿತು.

ಆದುದರಿಂದ ಅಹಮದಾಬಾದಿನ ನಿದರ್ಶನವು ನಮಗೆ ಕಲಿಸುವುದು ಕಟ್ಟಡದ ಭವ್ಯತೆಯನ್ನಲ್ಲ, ಪ್ರದರ್ಶನಶಾಲೆಯ ಪಕ್ಕದಲ್ಲಿಯೇ ಸೂಚಿಯೂ ಪಂಡಿತರೂ ಇರಬೇಕೆಂಬ ವಿವೇಕವನ್ನು. ನಮ್ಮ ಬಸದಿ, ಮಠಗಳು ಓಲೆಗರಿಗಳನ್ನು ಜನರ ಮುಂದಿಡಲು ಬಯಸಿದಲ್ಲಿ ಮೊದಲು ಸೂಚಿ ಸಿದ್ಧವಾಗಲಿ, ಛಾಯಾಪ್ರತಿ ತೆಗೆಯಲಾಗಲಿ, ಪ್ರಶಸ್ತಿಪದ್ಯಗಳನ್ನು ಓದಿ ದಾಖಲಿಸಲಾಗಲಿ. ತರುವಾಯ ಮೂಲವನ್ನು ಕೆಲವೇ ದಿನ ಮಂದ ಬೆಳಕಿನಲ್ಲಿ, ಓದಿ ಹೇಳಬಲ್ಲವರ ಸಮಕ್ಷಮದಲ್ಲಿ ತೆರೆದಿಡಬಹುದು. ಶ್ರುತಪಂಚಮಿಗಿಂತ ಯೋಗ್ಯವಾದ ದಿನ ಅದಕ್ಕೆ ಬೇರೊಂದಿಲ್ಲ.