‘ಟ್ರಾನ್ಸ್‌ಫರ್’ ಎಂಬ ಪದ: ಕನ್ನಡದಲ್ಲಿ ಅದರ ಅರ್ಥಗಳು ಮತ್ತು ಬಳಕೆ

ಕಚೇರಿ, ಬ್ಯಾಂಕು, ಶಾಲೆ ಮತ್ತು ನೋಂದಣಿ ಕೇಂದ್ರಗಳಲ್ಲಿ ದಿನನಿತ್ಯ ಕೇಳಿಬರುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ಟ್ರಾನ್ಸ್‌ಫರ್’ ಎಂಬುದು ಒಂದಾಗಿರುತ್ತದೆ. ದಾವಣಗೆರೆ ನಗರ ಮತ್ತು ಹರಿಹರದ ಜನರು ಇದನ್ನು ಇಂಗ್ಲಿಷ್ ಪದವೆಂದು ಭಾವಿಸದೆಯೇ ಬಳಸುತ್ತಾರೆ. ‘ಮಾಸ್ತರರಿಗೆ ಟ್ರಾನ್ಸ್‌ಫರ್ ಆಯಿತು’, ‘ಹೊಲ ಇನ್ನೂ ನನ್ನ ಹೆಸರಿಗೆ ಟ್ರಾನ್ಸ್‌ಫರ್ ಆಗಿಲ್ಲ’, ‘ರೊಕ್ಕ ಟ್ರಾನ್ಸ್‌ಫರ್ ಆತು’ ಎಂಬ ಮೂರು ಮಾತುಗಳಲ್ಲಿ ಪದ ಒಂದೇ ಆದರೂ ನಡೆಯುವ ಕ್ರಿಯೆಗಳು ಬೇರೆ ಬೇರೆ. ಮೊದಲನೆಯದರಲ್ಲಿ ವ್ಯಕ್ತಿ ಸ್ಥಳ ಬದಲಿಸುತ್ತಾನೆ. ಎರಡನೆಯದರಲ್ಲಿ ಹೊಲ ಇದ್ದಲ್ಲಿಯೇ ಇದ್ದು ಹಕ್ಕು ಅಥವಾ ಹೆಸರು ಬದಲಾಗುತ್ತದೆ. ಮೂರನೆಯದರಲ್ಲಿ ಲೆಕ್ಕದ ಅಂಕಿಗಳು ಮಾತ್ರ ಬದಲಾಗುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಕಾಗದಗಳಿಗೆ ಸಹಿ ಮಾಡಿದವರು ಜಮೀನು, ವಾಹನ ಅಥವಾ ಹಣವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ, ಪದದ ಅರ್ಥ ಮತ್ತು ಬಳಕೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಪದದ ಮೂಲ

ಈ ಪದವು ಲ್ಯಾಟಿನ್ ಭಾಷೆಯಿಂದ ಬಂದುದಾಗಿದೆ. ‘ಟ್ರಾನ್ಸ್’ ಎಂದರೆ ಆಚೆಗೆ, ‘ಫೆರೆ’ ಎಂದರೆ ಹೊರುವುದು ಅಥವಾ ಒಯ್ಯುವುದು. ಎರಡೂ ಸೇರಿ ‘ಆಚೆ ದಡಕ್ಕೆ ಒಯ್ಯು’ ಎಂಬರ್ಥ ಬರುತ್ತದೆ. ಕನ್ನಡದ ‘ದಾಟಿಸು’ ಎಂಬ ಕ್ರಿಯಾಪದ ಇದಕ್ಕೆ ಅತ್ಯಂತ ಸಮೀಪವಾದುದು. ತುಂಗಭದ್ರೆಯ ದಂಡೆಯ ಮೇಲಿರುವ ಹರಿಹರದವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಇಲ್ಲಿ ಹೊಳೆ ದಾಟಿದರೆ ಮೈಸೂರು ರಾಜ್ಯ ಮುಗಿದು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ ಆರಂಭವಾಗುತ್ತಿತ್ತು. ಇಂದು ಆಚೆ ದಡದ ಕುಮಾರಪಟ್ಟಣಂ ಹಾವೇರಿ ಜಿಲ್ಲೆಗೆ ಸೇರಿರುತ್ತದೆ. ಆದರೂ ಆಡಳಿತ ಭಾಷೆಯಲ್ಲಿ ‘ದಾಟಿಸು’ ಎಂಬ ಪದ ನೆಲೆಗೊಳ್ಳಲಿಲ್ಲ. ಆ ಸ್ಥಾನವನ್ನು ‘ವರ್ಗಾಯಿಸು’ ಎಂಬುದು ಪಡೆದುಕೊಂಡಿತು.

ಸರಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದಕ್ಕೆ ‘ಸಾಗಿಸು’, ಅಂಚೆ ಅಥವಾ ಪಾರ್ಸೆಲ್ ಕಳುಹಿಸುವುದಕ್ಕೆ ‘ರವಾನಿಸು’, ಕಚೇರಿಯನ್ನೋ ಅಂಗಡಿಯನ್ನೋ ಬೇರೆ ಕಟ್ಟಡಕ್ಕೆ ಒಯ್ಯುವುದಕ್ಕೆ ‘ಸ್ಥಳಾಂತರಿಸು’ ಎಂಬ ಪದಗಳಿರುತ್ತವೆ. ಮೆಕ್ಕೆಜೋಳದ ಲೋಡನ್ನು ದಾವಣಗೆರೆ ಮಾರುಕಟ್ಟೆಗೆ ಸಾಗಿಸಲಾಗುತ್ತದೆ. ಅದನ್ನು ವರ್ಗಾಯಿಸಲಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಅರ್ಥದಲ್ಲಿ ಸಮೀಪವಾದ ಇನ್ನೊಂದು ಇಂಗ್ಲಿಷ್ ಪದ ‘ಶಿಫ್ಟ್’. ಅರಳೆ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಇದಕ್ಕೆ ಸ್ಥಳಾಂತರಕ್ಕಿಂತ ‘ಪಾಳಿ’ ಎಂಬ ಅರ್ಥವೇ ಮೊದಲು ಹೊಳೆಯುತ್ತಿದ್ದುದು ಸಹಜ.

ವ್ಯಾಕರಣ ಸಂಬಂಧ

ಇಂಗ್ಲಿಷಿನಲ್ಲಿ ‘ಟ್ರಾನ್ಸ್‌ಫರ್’ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಕನ್ನಡದಲ್ಲಿ ‘ವರ್ಗಾಯಿಸು’ ಸಕರ್ಮಕ. ‘ವರ್ಗವಾಗು’, ‘ವರ್ಗಾವಣೆಗೊಳ್ಳು’ ಎಂಬುವು ಅಕರ್ಮಕ. ಆಡುಮಾತಿನಲ್ಲಿ ವರ್ಗವಾದವರು ಚತುರ್ಥಿ ವಿಭಕ್ತಿಯಲ್ಲಿ ಬರುವುದು ವಿಶೇಷ: ‘ಅವರಿಗೆ ಹರಿಹರಕ್ಕೆ ವರ್ಗವಾಯಿತು’. ಜ್ವರ ಬಂದಂತೆ, ಮದುವೆಯಾದಂತೆ, ವರ್ಗವೂ ಮನುಷ್ಯನಿಗೆ ‘ಆಗುವ’ ಸಂಗತಿ ಎಂಬ ಭಾವ ಇದರಲ್ಲಿದೆ. ತಾನಾಗಿ ಕೋರಿ ಪಡೆದಿದ್ದರೆ ಮಾತ್ರ ‘ವರ್ಗ ಮಾಡಿಸಿಕೊಂಡರು’ ಎನ್ನುತ್ತಾರೆ. ಆದೇಶಗಳನ್ನು ಬರೆಯುವಾಗ ‘ಇವರನ್ನು ದಾವಣಗೆರೆಯಿಂದ ಹರಿಹರಕ್ಕೆ ವರ್ಗಾಯಿಸಿ ಆದೇಶಿಸಲಾಗಿದೆ’ ಎಂಬ ರೂಪ ಸರಿಯಾದುದು. ಇಂಗ್ಲಿಷಿನಲ್ಲಿ ಬರೆಯುವವರು ಭೂತಕಾಲದ ರೂಪದಲ್ಲಿ ಕೊನೆಯ ‘ಆರ್’ ಅಕ್ಷರವನ್ನು ಎರಡು ಬಾರಿ ಬರೆಯಬೇಕು. ಉಚ್ಚಾರಣೆಯಲ್ಲಿ ನಾಮಪದಕ್ಕೆ ಮೊದಲ ಭಾಗದ ಮೇಲೆಯೂ ಕ್ರಿಯಾಪದಕ್ಕೆ ಎರಡನೆಯ ಭಾಗದ ಮೇಲೆಯೂ ಒತ್ತು ಬೀಳುವುದು ರೂಢಿ.

ನೌಕರರು, ವಿದ್ಯಾರ್ಥಿಗಳು, ಅರ್ಜಿಗಳು

ನೌಕರರ ವಿಷಯದಲ್ಲಿ ‘ವರ್ಗಾವಣೆ’ ಮತ್ತು ‘ನಿಯೋಜನೆ’ ಬೇರೆ ಬೇರೆ. ವರ್ಗಾವಣೆಯಾದವರು ಹೊಸ ಸ್ಥಳದ ಹುದ್ದೆಗೆ ಸೇರುತ್ತಾರೆ. ನಿಯೋಜನೆಗೊಂಡವರು ತಾತ್ಕಾಲಿಕವಾಗಿ ಬೇರೆಡೆ ಕೆಲಸ ಮಾಡುತ್ತಾರೆ. ಅಧಿಕಾರಿಯೊಬ್ಬರು ತಮ್ಮ ಜವಾಬ್ದಾರಿಯನ್ನು ಮತ್ತೊಬ್ಬರಿಗೆ ವಹಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದವಿದ್ದರೂ, ಕನ್ನಡದಲ್ಲಿ ಅದನ್ನು ‘ಪ್ರಭಾರ ಹಸ್ತಾಂತರ’ ಎನ್ನುವುದು ಹೆಚ್ಚು ಸ್ಪಷ್ಟ.

ಶಾಲೆಗಳಲ್ಲಿ ‘ಟಿ.ಸಿ.’ ಎಂದು ಕರೆಯಲಾಗುವುದು ವರ್ಗಾವಣೆ ಪ್ರಮಾಣಪತ್ರ. ಕೂಲಿ ಅರಸಿ ಕುಟುಂಬವೊಂದು ಹರಿಹರದಿಂದ ದಾವಣಗೆರೆಗೆ ಬಂದಾಗ ಹಳೆಯ ಶಾಲೆಯಿಂದ ಈ ಪತ್ರ ಸಿಗುವವರೆಗೆ ಮಗುವನ್ನು ಮನೆಯಲ್ಲಿ ಕೂರಿಸುವ ಅಗತ್ಯವಿಲ್ಲ. 2009ರ ಶಿಕ್ಷಣ ಹಕ್ಕು ಅಧಿನಿಯಮದ 5ನೇ ಪ್ರಕರಣದಂತೆ, ಹಳೆಯ ಶಾಲೆಯ ಮುಖ್ಯಸ್ಥರು ಪ್ರಮಾಣಪತ್ರವನ್ನು ಕೂಡಲೇ ನೀಡತಕ್ಕದ್ದು. ಅದನ್ನು ಹಾಜರುಪಡಿಸಲು ವಿಳಂಬವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ತಡೆಯುವಂತಿಲ್ಲ ಅಥವಾ ನಿರಾಕರಿಸುವಂತಿಲ್ಲ. ಸದರಿ ಅಧಿನಿಯಮವು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ.

ಅರ್ಜಿಗಳೂ ವರ್ಗಾವಣೆಯಾಗುತ್ತವೆ. ಮಾಹಿತಿ ಹಕ್ಕು ಅಧಿನಿಯಮ, 2005ರ 6(3)ನೇ ಪ್ರಕರಣದ ಮೇರೆಗೆ, ಕೇಳಿದ ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕಾಗುತ್ತದೆ. ತಾಲ್ಲೂಕು ಕಚೇರಿಗೆ ಸಂಬಂಧಿಸಿದ ಪ್ರಶ್ನೆಯನ್ನು ಹರಿಹರ ನಗರಸಭೆಗೆ ಸಲ್ಲಿಸಿದವರಿಗೆ ‘ಇದು ನಮ್ಮಲ್ಲಿಗೆ ಬರುವುದಿಲ್ಲ’ ಎಂಬ ಉತ್ತರವಷ್ಟೇ ಸಾಲದು.

ಜಮೀನು ಮತ್ತು ಮನೆ

ಪದದ ಅರ್ಥ ಅತ್ಯಂತ ಸೂಕ್ಷ್ಮವಾಗುವುದು ಸ್ಥಿರಾಸ್ತಿಯ ವಿಷಯದಲ್ಲಿ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 5ನೇ ಪ್ರಕರಣದ ಪ್ರಕಾರ, ಜೀವಂತ ವ್ಯಕ್ತಿಯೊಬ್ಬರು ಜೀವಂತವಾಗಿರುವ ಬೇರೆಯವರಿಗೆ ಸ್ವತ್ತನ್ನು ವಹಿಸಿಕೊಡುವ ಕ್ರಿಯೆಯೇ ವರ್ಗಾವಣೆ. ಆದುದರಿಂದ ಉಯಿಲು ಈ ಅರ್ಥದಲ್ಲಿ ವರ್ಗಾವಣೆಯಲ್ಲ. ಅದು ಬರೆದವರ ಮರಣಾನಂತರ ಮಾತ್ರ ಜಾರಿಗೆ ಬರುತ್ತದೆ. ‘ತಂದೆ ಉಯಿಲಿನ ಮೂಲಕ ಮನೆಯನ್ನು ನನಗೆ ಟ್ರಾನ್ಸ್‌ಫರ್ ಮಾಡಿದ್ದಾರೆ’ ಎಂದು ತಂದೆ ಬದುಕಿರುವಾಗಲೇ ಹೇಳುವ ಮಾತಿಗೆ ಕಾನೂನಿನಲ್ಲಿ ಅರ್ಥವಿರುವುದಿಲ್ಲ. ಅದೇ ರೀತಿ, ಮುಂದೆ ವಾರಸಿನಿಂದ ಬರಬಹುದೆಂಬ ಬರಿಯ ನಿರೀಕ್ಷೆಯನ್ನು ಯಾರೂ ವರ್ಗಾಯಿಸಲು ಬರುವುದಿಲ್ಲ.

ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಅವಶ್ಯಕ. 1882ರಲ್ಲಿ ನೂರು ರೂಪಾಯಿ ದೊಡ್ಡ ಮೊತ್ತವಾಗಿತ್ತು. ಇಂದು ಈ ಮಿತಿಯಿಂದ ಹೊರಗುಳಿಯುವ ನಿವೇಶನ ಇರಲಾರದು. ‘ಕ್ರಯದ ಕರಾರು’ ಎಂಬ ಕಾಗದವು ಮುಂದೆ ಮಾರುವ ಒಪ್ಪಂದ ಮಾತ್ರವಾಗಿದ್ದು, ಅದರಿಂದಲೇ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು 54ನೇ ಪ್ರಕರಣ ಹೇಳುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ‘ಟ್ರಾನ್ಸ್‌ಫರ್ ಆಗಿದೆ’ ಎಂದು ನಂಬಿರುವವರು, ಇಂತಹ ವ್ಯವಹಾರಗಳಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪು ನೀಡಿರುವುದನ್ನು ಗಮನಿಸತಕ್ಕದ್ದು.

ಇನ್ನೊಂದು ಗೊಂದಲ ಖಾತೆಗೆ ಸಂಬಂಧಿಸಿದ್ದು. ‘ಖಾತೆ ಟ್ರಾನ್ಸ್‌ಫರ್’ ಎಂದರೆ ಕಂದಾಯ ಅಥವಾ ನಗರ ಸಂಸ್ಥೆಯ ದಾಖಲೆಯಲ್ಲಿ ಹೆಸರು ಬದಲಾವಣೆಯೇ ಹೊರತು ಒಡೆತನದ ವರ್ಗಾವಣೆಯಲ್ಲ. ಕೃಷಿ ಜಮೀನಿನ ಪಹಣಿಯಲ್ಲಿರುವ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದು ಭಾವಿಸಬೇಕೆಂದು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣ ತಿಳಿಸುತ್ತದೆ. ನಮೂದಿಗೆ ಬೆಲೆಯಿದೆ, ಆದರೆ ಹಕ್ಕು ಹುಟ್ಟುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಥವಾ ವಾರಸಿನಿಂದ. ತಂದೆಯ ಮರಣದ ನಂತರ ಮಾಡಿಸುವ ಬದಲಾವಣೆಗೆ ‘ಪೌತಿ ಖಾತೆ’ ಎಂಬ ನಿಖರವಾದ ಹೆಸರೇ ಇರುತ್ತದೆ. ಅಣ್ಣನೊಬ್ಬನ ಹೆಸರಿಗೆ ಪೌತಿ ಖಾತೆಯಾದ ಮಾತ್ರಕ್ಕೆ ತಮ್ಮಂದಿರ ಮತ್ತು ಅಕ್ಕತಂಗಿಯರ ಪಾಲು ಅಳಿಸಿಹೋಗುವುದಿಲ್ಲ. ‘ಟ್ರಾನ್ಸ್‌ಫರ್’ ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುವುದರಿಂದ ಅನೇಕ ಹೆಣ್ಣುಮಕ್ಕಳು ತಮ್ಮ ಪಾಲು ಮುಗಿದೇ ಹೋಯಿತೆಂದು ಸುಮ್ಮನಾಗುವುದುಂಟು.

ಮಂಜೂರಾದ ಜಮೀನು ಮತ್ತು ‘ಪರಭಾರೆ’

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ವಿಷಯದಲ್ಲಿ ಈ ಪದದ ವ್ಯಾಪ್ತಿ ಬಹಳ ವಿಶಾಲವಾಗಿರುತ್ತದೆ. ‘ಪಿ.ಟಿ.ಸಿ.ಎಲ್. ಕಾಯ್ದೆ’ ಎಂದು ಪರಿಚಿತವಾದ 1978ರ ಕರ್ನಾಟಕ ಅಧಿನಿಯಮದ ಇಂಗ್ಲಿಷ್ ಹೆಸರಿನಲ್ಲಿಯೇ ‘ಟ್ರಾನ್ಸ್‌ಫರ್’ ಪದವಿದೆ. ಕನ್ನಡದಲ್ಲಿ ಅದನ್ನು ‘ಪರಭಾರೆ’ ಎನ್ನಲಾಗುತ್ತದೆ. 1979ರ ಜನವರಿ 1ರಿಂದ ಜಾರಿಗೆ ಬಂದ ಈ ಅಧಿನಿಯಮದಲ್ಲಿ ಪರಭಾರೆ ಎಂದರೆ ಮಾರಾಟ, ದಾನ, ವಿನಿಮಯ, ಸ್ವಾಧೀನ ಸಹಿತ ಅಥವಾ ರಹಿತ ಅಡಮಾನ, ಗುತ್ತಿಗೆ ಮತ್ತು ಇತರ ಯಾವುದೇ ವ್ಯವಹಾರ. ಇವುಗಳನ್ನು ಮಾಡುವುದಾಗಿ ಒಪ್ಪಿಕೊಳ್ಳುವ ಕರಾರೂ ಇದರಲ್ಲಿ ಸೇರುತ್ತದೆ. ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು ಮಾತ್ರ ಹೊರಗಿರುತ್ತವೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಅದೇ ಕ್ರಯದ ಕರಾರು 1882ರ ಅಧಿನಿಯಮದಂತೆ ವರ್ಗಾವಣೆಯಲ್ಲ, 1978ರ ಅಧಿನಿಯಮದಂತೆ ಪರಭಾರೆ. ಇದು ವಿರೋಧಾಭಾಸವೇನೂ ಅಲ್ಲ. ಮೊದಲನೆಯ ಕಾನೂನು ಹಕ್ಕು ಯಾವಾಗ ದಾಟುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಬಡವರ ಕೈಯಿಂದ ಜಮೀನು ಜಾರುವ ದಾರಿಗಳನ್ನು ಮುಚ್ಚುತ್ತದೆ. ‘ನಾನು ಮಾರಿಲ್ಲ, ಬರೀ ಭೋಗ್ಯಕ್ಕೆ ಕೊಟ್ಟಿದ್ದೇನೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಭೋಗ್ಯವೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಇಂತಹ ಜಮೀನನ್ನು ಪರಭಾರೆ ಮಾಡಲಾಗದು. ಮಾಡಿದ್ದರೆ ಅದು ಅಸಿಂಧು. ಉಪವಿಭಾಗಾಧಿಕಾರಿಗಳು ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಬಹುದು. ಸಮಂಜಸವಾದ ಕಾಲಾವಧಿಯೊಳಗೆ ಅರ್ಜಿ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದ ಬಳಿಕ ಅನೇಕ ಅರ್ಜಿಗಳು ವಿಳಂಬದ ಕಾರಣದಿಂದ ಬಿದ್ದುಹೋದವು. ಕಾಲಮಿತಿ ಅನ್ವಯಿಸುವುದಿಲ್ಲವೆಂಬ ತಿದ್ದುಪಡಿಯನ್ನು ರಾಜ್ಯ ವಿಧಾನಮಂಡಲವು 2023ರಲ್ಲಿ ತಂದಿತು. ಜಮೀನು ಕೊಳ್ಳುವವರು ಮೂಲ ಮಂಜೂರಾತಿ ಆದೇಶವನ್ನು ಓದದೆ ಮುಂಗಡ ಕೊಡುವುದು ಕ್ಷೇಮಕರವಲ್ಲ.

ವಾಹನ

ದ್ವಿಚಕ್ರ ವಾಹನವನ್ನು ಮಾರಿ, ಕೀಲಿ ಕೊಟ್ಟು, ಹಣ ಪಡೆದರೆ ಕೆಲಸ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ಮೋಟಾರು ವಾಹನ ಅಧಿನಿಯಮ, 1988ರ 50ನೇ ಪ್ರಕರಣದಂತೆ, ಮಾರಿದವರು ರಾಜ್ಯದೊಳಗಿನ ವಾಹನವಾದರೆ 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಇದಕ್ಕಾಗಿ ನಮೂನೆ 29 ಮತ್ತು 30 ಇರುತ್ತವೆ. ದಾಖಲೆಯಲ್ಲಿ ಹೆಸರು ಬದಲಾಗುವ ಮುನ್ನ ಅಪಘಾತವಾದಲ್ಲಿ, ನೋಂದಣಿಯಲ್ಲಿರುವವರೇ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿರುತ್ತದೆ. ಕೆಎ-17 ಸಂಖ್ಯೆಯ ಹಳೆಯ ಗಾಡಿಯನ್ನು ಮಾರಿ ಮರೆತವರಿಗೆ ವರ್ಷಗಳ ನಂತರ ನ್ಯಾಯಾಲಯದ ನೋಟಿಸು ಬರುವುದು ಹೀಗೆ. ಇಲ್ಲಿ ಖಾತೆಯ ನಿಯಮ ತಿರುಗುಮುರುಗಾಗಿದೆ: ಪರಿಹಾರದ ಹೊಣೆಯ ಮಟ್ಟಿಗೆ ದಾಖಲೆಯೇ ನಿರ್ಣಾಯಕ.

ಊರು ವರ್ಗಾವಣೆಯಾಗುವುದು

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಾಗ ದಾವಣಗೆರೆ, ಹರಿಹರ ಮತ್ತು ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ವರ್ಗಾವಣೆಯಾದವು. ಸಂವಿಧಾನದ 371ಜೆ ಅನುಚ್ಛೇದದ ಸೌಲಭ್ಯಗಳ ಹಿನ್ನೆಲೆಯಲ್ಲಿ ಹರಪನಹಳ್ಳಿಯನ್ನು 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿಸಲಾಯಿತು. 2021ರಲ್ಲಿ ಅದು ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಕದಲುವುದಿಲ್ಲ, ಕಡತಗಳು ಮತ್ತು ಅಧಿಕಾರ ವ್ಯಾಪ್ತಿ ಮಾತ್ರ ಕದಲುತ್ತವೆ. ಹರಪನಹಳ್ಳಿಯ 2005ರ ದಸ್ತಾವೇಜಿನಲ್ಲಿ ‘ದಾವಣಗೆರೆ ಜಿಲ್ಲೆ’ ಎಂದಿರುವುದು ತಪ್ಪಲ್ಲ. ಅಂದಿನ ಸ್ಥಿತಿಯೇ ಅದಾಗಿತ್ತು.

ಹಣ

ಸರ್ಕಾರದ ಸಹಾಯಧನವನ್ನು ಫಲಾನುಭವಿಯ ಖಾತೆಗೆ ಜಮಾ ಮಾಡುವ ವ್ಯವಸ್ಥೆಯು ದೇಶದಲ್ಲಿ 2013ರ ಜನವರಿ 1ರಿಂದ ‘ನೇರ ನಗದು ವರ್ಗಾವಣೆ’ ಎಂಬ ಹೆಸರಿನಲ್ಲಿ ಆರಂಭವಾಯಿತು. ನೋಟುಗಳೇ ಇಲ್ಲದ ವ್ಯವಹಾರವನ್ನು ‘ನಗದು’ ಎನ್ನುವುದು ಅಷ್ಟು ಸಮರ್ಪಕವಲ್ಲವಾದರೂ ಆ ಮಾತು ಬಳಕೆಯಲ್ಲಿ ಉಳಿದಿದೆ. ಖಾತೆಯಿಂದ ಖಾತೆಗೆ ಹಣ ಕಳುಹಿಸುವಾಗ ‘ವರ್ಗಾಯಿಸು’, ‘ಜಮಾ ಮಾಡು’ ಎರಡೂ ಸರಿ. ಕಳುಹಿಸುವವರ ಕಡೆಯಿಂದ ಮೊದಲನೆಯದು, ಪಡೆಯುವವರ ಕಡೆಯಿಂದ ಎರಡನೆಯದು. ನೆಫ್ಟ್ ವ್ಯವಸ್ಥೆಯಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹೊರತು ಹೆಸರಿನ ಮೇಲಲ್ಲ. ಒಂದು ಅಂಕಿ ತಪ್ಪಿದರೆ ಬೇರೆಯವರ ಖಾತೆಗೆ ಹೋಗಬಹುದು. ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ಪರಿಶೀಲಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸೂಚಿಸಿತ್ತು. ಖಾತೆದಾರರು ಅದನ್ನು ಬಳಸಿಕೊಳ್ಳುವುದು ಸೂಕ್ತ. ತಪ್ಪಾಗಿ ವರ್ಗವಾದ ಹಣಕ್ಕೆ ಮೊದಲು ತಮ್ಮ ಬ್ಯಾಂಕಿಗೆ ಲಿಖಿತ ದೂರು ನೀಡತಕ್ಕದ್ದು. ವಂಚನೆಯಿಂದ ಹೋದ ಹಣವಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.