ಸಾಮಾನು ಸಾಗಿಸುವ ಡ್ರೋನ್ ಯಂತ್ರಗಳು: ಹಾರಾಟದ ಮಾದರಿಯೂ ಅದರ ಪರೀಕ್ಷೆಯೂ

ಹೊಸ ತಳಿಯ ರಾಗಿಯನ್ನು ಇಡೀ ಹೊಲಕ್ಕೆ ಬಿತ್ತುವುದಕ್ಕೆ ಮುಂಚೆ ವಿವೇಕಿಯಾದ ರೈತನು ಅದನ್ನು ಒಂದು ಸಣ್ಣ ತಾಕಿನಲ್ಲಿ ಬೆಳೆದು ನೋಡುತ್ತಾನೆ. ಆಕಾಶಮಾರ್ಗವಾಗಿ ಔಷಧಿಗಳನ್ನು ಸಾಗಿಸತಕ್ಕ ಡ್ರೋನ್ ಯಂತ್ರಗಳಿಗೂ ಇದೇ ನ್ಯಾಯವು ಸಲ್ಲುತ್ತದೆ. ಇಲ್ಲಿ ತಾಕಿನ ಸ್ಥಾನದಲ್ಲಿರುವುದು ಕಂಪ್ಯೂಟರಿನಲ್ಲಿ ರಚಿಸಿದ ಗಣಿತ ಮಾದರಿ.

ಇದು ನಮ್ಮ ಸೀಮೆಗೆ ದೂರದ ವಿಷಯವಲ್ಲ. 2021ನೆಯ ನವೆಂಬರ್ ತಿಂಗಳಿನಲ್ಲಿ, ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯವರ ಯಂತ್ರವೊಂದು ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ 50 ಸೀಸೆಗಳನ್ನು ಸುಮಾರು 10 ನಿಮಿಷಗಳಲ್ಲಿ ತಲಪಿಸಿತು. ಇಂತಹ ಯಂತ್ರವು ದಾರಿಯಲ್ಲಿ ಬಿದ್ದರೆ ಆಗುವ ಹಾನಿಯು ಅದರ ಒಡೆಯನೊಬ್ಬನದೇ ಅಲ್ಲ.

ಮಾದರಿಯನ್ನು ರಚಿಸಲು ಮೊದಲು ಯಂತ್ರವನ್ನು ಚೆನ್ನಾಗಿ ಅಳೆಯತಕ್ಕದ್ದು. ಹೊರೆಸಹಿತವಾದ ತೂಕವನ್ನೂ ಗುರುತ್ವಕೇಂದ್ರವನ್ನೂ ಗೊತ್ತುಮಾಡುವರು. ಯಂತ್ರವನ್ನು ಎರಡು ಸಮಾನವಾದ ಹಗ್ಗಗಳಿಂದ ತೂಗುಹಾಕಿ, ಸ್ವಲ್ಪ ತಿರುಚಿ ಬಿಟ್ಟು, ಅದು ಅತ್ತಿತ್ತ ತಿರುಗುವ ಕಾಲವನ್ನು ಎಣಿಸಿದರೆ, ಅದನ್ನು ತಿರುಗಿಸಲು ಎಷ್ಟು ಬಲ ಬೇಕೆಂಬುದು ಲೆಕ್ಕಕ್ಕೆ ಸಿಕ್ಕುತ್ತದೆ. ಮೋಟಾರನ್ನು ಅದರ ತಿರುಗುವ ರೆಕ್ಕೆಯೊಡನೆ ತಕ್ಕಡಿಯಂತಹ ಸಾಧನಕ್ಕೆ ಬಿಗಿದು ಓಡಿಸಿ, ಎತ್ತುವ ಬಲವನ್ನು ಅಳೆಯುವರು. ರೆಕ್ಕೆಯ ವೇಗವು ಎರಡರಷ್ಟಾದರೆ ಬಲವು ಸುಮಾರು ನಾಲ್ಕರಷ್ಟಾಗುತ್ತದೆ. ಬ್ಯಾಟರಿಯ ಶಕ್ತಿಯನ್ನೂ ಗಾಳಿಯ ತಡೆಯನ್ನೂ ಇದಕ್ಕೆ ಸೇರಿಸುವರು. ಈ ಅಂಕಿಗಳಿಂದ ಕಂಪ್ಯೂಟರು ಯಂತ್ರದ ವೇಗವನ್ನೂ ಸ್ಥಾನವನ್ನೂ ಕ್ಷಣಕ್ಷಣಕ್ಕೂ ಗುಣಿಸುತ್ತ ಹೋಗುತ್ತದೆ.

ಒಂದು ಅಂಶವನ್ನು ಬಿಟ್ಟರೂ ಲೆಕ್ಕವು ಮೋಸಮಾಡುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಯಂತ್ರವು 6 ಕಿಲೋಮೀಟರ್ ದೂರ ಹೋಗಿಬರಲು, ಗಾಳಿಯಿಲ್ಲದ ದಿನ 20 ನಿಮಿಷ ಸಾಕು. ಸೆಕೆಂಡಿಗೆ 5 ಮೀಟರ್ ಗಾಳಿಯು ಎದುರಾದರೆ ಹೋಗುವುದಕ್ಕೇ 20 ನಿಮಿಷ ಹಿಡಿಯುತ್ತದೆ. ಅದೇ ಗಾಳಿಯು ಹಿಂದಿನಿಂದ ನೂಕಿದರೂ ಬರುವುದಕ್ಕೆ 6 ನಿಮಿಷ 40 ಸೆಕೆಂಡ್ ಬೇಕು. ಹೋಗುವಾಗ ಆದ ನಷ್ಟವು ಬರುವಾಗ ತುಂಬಿಬರುವುದಿಲ್ಲ. ಗಾಳಿಯನ್ನು ಗಣಿಸದ ಮಾದರಿಯನ್ನು ನಂಬಿ 25 ನಿಮಿಷಕ್ಕೆ ಸಾಲುವ ಬ್ಯಾಟರಿಯನ್ನು ಕಟ್ಟಿ ಕಳುಹಿಸಿದರೆ, ಯಂತ್ರವು ಮನೆ ಸೇರಲಾರದು.

ಆದುದರಿಂದ ಮಾದರಿಯ ಪರೀಕ್ಷೆಯು ಅತ್ಯವಶ್ಯಕವು. ನಿಜವಾದ ಹಾರಾಟದಲ್ಲಿ ದಾಖಲಾದ ಎತ್ತರ, ವೇಗ, ವಿದ್ಯುತ್ತಿನ ವೆಚ್ಚ ಇವುಗಳನ್ನು ಮಾದರಿಯ ಅಂಕಿಗಳೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ತಿದ್ದುವರು. ಆದರೆ ಯಾವ ಹಾರಾಟವನ್ನು ನೋಡಿ ತಿದ್ದಿದರೋ ಅದಕ್ಕೇ ಮಾದರಿಯು ಸರಿಹೊಂದಿದರೆ ಅದು ಪ್ರಮಾಣವಾಗಲಾರದು. ತಿದ್ದುವಾಗ ಉಪಯೋಗಿಸದೆ ಪ್ರತ್ಯೇಕವಾಗಿರಿಸಿದ, ಬೇರೆ ಹೊರೆಯ, ಬೇರೆ ಗಾಳಿಯ ಹಾರಾಟಕ್ಕೂ ಅದು ಸರಿಯಾದ ಉತ್ತರವನ್ನು ಕೊಡತಕ್ಕದ್ದು. ಪ್ರಯೋಗಕ್ಷೇತ್ರದಲ್ಲಿ ಹುಲುಸಾಗಿ ಬಂದ ತಳಿಯು ರೈತನ ಹೊಲದಲ್ಲಿಯೂ ಫಲಿಸಿದ ಮೇಲಲ್ಲವೆ ಅದಕ್ಕೆ ಹೆಸರು ಬರುವುದು?

ಇಂತಹ ಸೇವೆಯನ್ನು ಗ್ರಾಮಕ್ಕೆ ತರುವೆವೆನ್ನುವವರನ್ನು ಗ್ರಾಮದ ಮುಖಂಡರು ಮೂರು ವಿಷಯಗಳನ್ನು ವಿಚಾರಿಸುವುದು ಒಳ್ಳೆಯದು: ಲೆಕ್ಕವನ್ನು ಯಾವ ಹಾರಾಟದೊಡನೆ ತಾಳೆನೋಡಲಾಗಿದೆ? ಎಷ್ಟು ಗಾಳಿಯವರೆಗೆ, ಎಷ್ಟು ಹೊರೆಯವರೆಗೆ ಅದು ಸರಿಯಾಗಿದೆ? ಆ ಮಿತಿಯನ್ನು ಮೀರಿದ ದಿನ ಹಾರಾಟವನ್ನು ನಿಲ್ಲಿಸತಕ್ಕವರು ಯಾರು? ಇವಕ್ಕೆ ಅಂಕಿಗಳ ಮೂಲಕ ಉತ್ತರವನ್ನು ಕೊಡಬಲ್ಲವರ ಕೈಗೆ ಗ್ರಾಮದ ಔಷಧಿಯನ್ನು ಒಪ್ಪಿಸಬಹುದು.